ಉಚಿತ ಕಾನೂನು ನೆರವು: ಕೌಟುಂಬಿಕ, ಸಿವಿಲ್ ಪ್ರಕರಣಗಳಿಗೂ ಪೂರ್ಣಾವಧಿ ವಕೀಲರು ಬೇಕೇ?

ಹಣವಿಲ್ಲವೆಂಬ ಕಾರಣಕ್ಕೆ ಯಾರೂ ನ್ಯಾಯದಿಂದ ವಂಚಿತರಾಗಬಾರದು ಎಂಬ ಹೊಣೆಯನ್ನು ಸಂವಿಧಾನದ 1976ರ 42ನೇ ತಿದ್ದುಪಡಿಯು 39ಎ ವಿಧಿಯ ಮೂಲಕ ಸರ್ಕಾರದ ಮೇಲೆ ಹೊರಿಸಿತು. ಅದನ್ನು ಕಾರ್ಯರೂಪಕ್ಕೆ ತರಲೆಂದು ರೂಪುಗೊಂಡ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಈ ಕಾಯ್ದೆಯಡಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಮಿಕರು, ಬಂಧನದಲ್ಲಿರುವವರು ಹಾಗೂ ನಿಗದಿತ ಆದಾಯ ಮಿತಿಯೊಳಗಿನವರು ಉಚಿತ ವಕೀಲರನ್ನು ಪಡೆಯಬಹುದು. ಬಹುಕಾಲ ಈ ಕೆಲಸ ಮಾಡಿದವರು ಖಾಸಗಿ ವೃತ್ತಿಯ ಜೊತೆಗೆ ನೆರವಿನ ಪ್ರಕರಣಗಳನ್ನೂ ವಹಿಸಿಕೊಳ್ಳುವ ಪ್ಯಾನೆಲ್ ವಕೀಲರು. 2022ರಲ್ಲಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವು ಕ್ರಿಮಿನಲ್ ಪ್ರಕರಣಗಳ ಆರೋಪಿಗಳಿಗಾಗಿ, ಖಾಸಗಿ ವೃತ್ತಿ ನಡೆಸುವಂತಿಲ್ಲದ ಪೂರ್ಣಾವಧಿ ವಕೀಲರ ಯೋಜನೆಯನ್ನು ತಂದಿತು. ಅದೇ ವ್ಯವಸ್ಥೆಯನ್ನು ಜೀವನಾಂಶ, ಪಾಲು ವಿಭಾಗ, ಬಾಡಿಗೆ ಮನೆಯಂತಹ ಪ್ರಕರಣಗಳಿಗೂ ವಿಸ್ತರಿಸಬೇಕೇ ಎಂಬುದು ಇಲ್ಲಿನ ಪ್ರಶ್ನೆ.

ಪರ: ವಕೀಲರಿದ್ದರೆ ಸಾಲದು, ಅವರಿಗೆ ಸಮಯವಿರಬೇಕು

ಬೆಂಗಳೂರಿನಲ್ಲಿ ಉಚಿತ ವಕೀಲರನ್ನು ಕೇಳಿ ಪಡೆಯುವುದು ಕಷ್ಟವೇನಲ್ಲ. 15100 ಸಹಾಯವಾಣಿಯಿದೆ, ಸಿಟಿ ಸಿವಿಲ್ ಕೋರ್ಟ್ ಆವರಣದಲ್ಲಿ ಜಿಲ್ಲಾ ಪ್ರಾಧಿಕಾರವಿದೆ, ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿ ರಾಜ್ಯ ಪ್ರಾಧಿಕಾರವೇ ಇದೆ. ತೊಂದರೆ ಶುರುವಾಗುವುದು ವಕೀಲರನ್ನು ನೇಮಿಸಿದ ಪತ್ರ ಕೈಗೆ ಬಂದ ಮೇಲೆ.

ಪ್ಯಾನೆಲ್ ವಕೀಲರಿಗೆ ಸಿಗುವ ಗೌರವಧನ ಖಾಸಗಿ ಶುಲ್ಕದ ಹತ್ತಿರಕ್ಕೂ ಬರುವುದಿಲ್ಲ. ಒಂದೇ ದಿನ ಮೇಯೋ ಹಾಲ್ ನ್ಯಾಯಾಲಯದಲ್ಲಿ ಶುಲ್ಕ ಕೊಟ್ಟ ಕಕ್ಷಿದಾರರ ಪಾಟೀಸವಾಲೂ ನ್ಯಾಯದೇಗುಲದ ಕೌಟುಂಬಿಕ ನ್ಯಾಯಾಲಯದಲ್ಲಿ ನೆರವಿನ ಪ್ರಕರಣವೂ ಇದ್ದರೆ, ಯಾವುದಕ್ಕೆ ವಾಯಿದೆ ಕೇಳುತ್ತಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಇದನ್ನು ಆ ವಕೀಲರ ದುರ್ಬುದ್ಧಿ ಎನ್ನಲಾರೆ; ಮನೆ ನಡೆಸಬೇಕಾದವರು ಯಾರೇ ಆಗಿದ್ದರೂ ಹಾಗೆಯೇ ಮಾಡುತ್ತಿದ್ದರು. ಆದರೆ ಪ್ರತಿ ವಾಯಿದೆಗೂ ರಜೆ ಹಾಕಿ, ದಿನದ ಕೂಲಿ ಕಳೆದುಕೊಂಡು ಬರುವವರಿಗೆ ಆ ವಿವರಣೆಯಿಂದ ಏನೂ ದಕ್ಕುವುದಿಲ್ಲ.

ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು ಗಂಡನಿಂದ ಜೀವನಾಂಶ ಕೇಳಿದ್ದಾಳೆ ಎಂದಿಟ್ಟುಕೊಳ್ಳೋಣ. ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ಪ್ರಕಾರ, ಜೀವನಾಂಶದ ಪ್ರಕರಣದಲ್ಲಿ ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ ಮತ್ತು ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕು. ಸಂಬಳವೆಷ್ಟು, ಮನೆ ಬಾಡಿಗೆಯೆಷ್ಟು, ಮಕ್ಕಳ ಫೀಸು, ಒಡವೆ, ಕೈಸಾಲ ಎಲ್ಲವೂ ಅದರಲ್ಲಿ ಬರಬೇಕು, ಸಂಬಳದ ಚೀಟಿ ಮತ್ತು ಬ್ಯಾಂಕ್ ಪಾಸ್‌ಬುಕ್ಕಿಗೆ ತಾಳೆಯಾಗಬೇಕು. ಓವರ್‌ಟೈಮ್ ಹಣವನ್ನು ಸಂಬಳಕ್ಕೆ ಸೇರಿಸಬೇಕೋ ಬೇಡವೋ, ಸ್ವಸಹಾಯ ಸಂಘದ ಸಾಲವನ್ನು ಎಲ್ಲಿ ತೋರಿಸಬೇಕು ಎಂಬುದು ಅವಳಿಗೆ ಗೊತ್ತಿರುವುದಿಲ್ಲ. ಕೋರ್ಟ್ ಮೊಗಸಾಲೆಯಲ್ಲಿ ಕೇಸ್ ಕೂಗುವ ಮುನ್ನ ಹತ್ತು ನಿಮಿಷದಲ್ಲಿ ಇದನ್ನು ತುಂಬಿ ಸಹಿ ಹಾಕಿಸಿದರೆ, ಅದರಲ್ಲಿ ಬಿಟ್ಟುಹೋದ ಒಂದು ಸಾಲು ನಾಳೆ ಪಾಟೀಸವಾಲಿನಲ್ಲಿ ಅವಳನ್ನು ಸುಳ್ಳುಗಾರ್ತಿಯಾಗಿ ನಿಲ್ಲಿಸುತ್ತದೆ. ಪಕ್ಕದಲ್ಲಿ ಕುಳಿತು, ಕಾಗದಗಳನ್ನು ಒಂದೊಂದಾಗಿ ತೆಗೆದು ನೋಡಿ, ಅವಳ ಭಾಷೆಯಲ್ಲೇ ಕೇಳಿ ಬರೆದುಕೊಳ್ಳುವವರು ಬೇಕು. ಅದಕ್ಕೆ ಒಂದು ಮಧ್ಯಾಹ್ನ ಹಿಡಿಯುತ್ತದೆ. ಆ ಮಧ್ಯಾಹ್ನಕ್ಕೆ ಸಂಬಳ ಪಡೆಯುವ ವಕೀಲರು ಮಾತ್ರ ಅದನ್ನು ನಂಬಿಕೆಯಿಂದ ಕೊಡಬಲ್ಲರು.

ಪೂರ್ಣಾವಧಿ ವಕೀಲರ ಕಚೇರಿಯೊಂದಿದ್ದರೆ ಕಡತವೂ ಒಂದೇ ಕಡೆ ಇರುತ್ತದೆ. ವಕೀಲರು ಬದಲಾದರೆ ಕಕ್ಷಿದಾರರು ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಗುವುದಿಲ್ಲ. ಆರೋಪಿಯು ಕೇಳದಿದ್ದರೂ ನೆರವು ಕೊಡಬೇಕೆಂದು ಸುಕ್ ದಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನಿಂದ 1986ರಲ್ಲೇ ತೀರ್ಪಾಗಿದೆ. ಜೈಲಿನ ಭಯ ದೊಡ್ಡದು, ನಿಜ. ಆದರೆ ಮಗುವಿನ ಸುಪರ್ದಿ ಕಳೆದುಕೊಳ್ಳುವ ಅಥವಾ ಮನೆಯಿಂದ ಹೊರಬೀಳುವ ಭಯ ಅದಕ್ಕಿಂತ ಹಗುರವೆಂದು ಅನುಭವಿಸಿದವರು ಯಾರೂ ಹೇಳಲಾರರು.

ವಿರೋಧ: ಎರಡೂ ಕಡೆ ಬಡವರಿರುವಲ್ಲಿ ಒಂದೇ ಕಚೇರಿ ಸಲ್ಲದು

ಕ್ರಿಮಿನಲ್ ಪ್ರಕರಣದಲ್ಲಿ ಆರೋಪಿಯ ಎದುರು ನಿಲ್ಲುವುದು ಸರ್ಕಾರ, ಅದಕ್ಕೆ ಅದರದೇ ಅಭಿಯೋಜಕರಿದ್ದಾರೆ. ಆದ್ದರಿಂದ ಆರೋಪಿಗಳಿಗಾಗಿ ಒಂದು ಪೂರ್ಣಾವಧಿ ಕಚೇರಿ ತೆರೆಯುವುದಕ್ಕೆ ಅರ್ಥವಿದೆ. ಸಹ ಆರೋಪಿಗಳು ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿದಾಗ ಅಲ್ಲಿಯೂ ಇಕ್ಕಟ್ಟು ಬರುತ್ತದೆ, ಆದರೆ ಅದು ಎಲ್ಲ ಪ್ರಕರಣದ ಮಾತಲ್ಲ. ಕೌಟುಂಬಿಕ ಮತ್ತು ಸಿವಿಲ್ ಪ್ರಕರಣಗಳ ಸ್ವರೂಪವೇ ಬೇರೆ. ಜೀವನಾಂಶ ಕೇಳುವ ಹೆಂಡತಿ ಮಹಿಳೆಯೆಂಬ ಕಾರಣಕ್ಕೆ, ಆದಾಯ ಎಷ್ಟೇ ಇರಲಿ, ನೆರವಿಗೆ ಅರ್ಹಳು. ಆಟೊ ಓಡಿಸುವ ಗಂಡ ಆದಾಯ ಮಿತಿಯೊಳಗಿದ್ದರೆ ಅವನೂ ಅರ್ಹ. ಶ್ರೀರಾಮಪುರದಲ್ಲಿ ಎರಡು ಕೋಣೆಗಳ ಬಾಡಿಗೆಯನ್ನೇ ನೆಚ್ಚಿ ಬದುಕುವ ವಿಧವೆಗೆ ನೆರವು ಪಡೆಯುವ ಹಕ್ಕಿದೆ, ಬಾಡಿಗೆ ಕಟ್ಟಲಾಗದ ಆಕೆಯ ಬಾಡಿಗೆದಾರ ದಲಿತನಾಗಿದ್ದರೆ ಅವನಿಗೂ ಇದೆ. ಇವರಿಬ್ಬರ ಗುಟ್ಟನ್ನೂ ಒಂದೇ ಮುಖ್ಯಸ್ಥರ ಕೈಕೆಳಗಿನ ಇಬ್ಬರು ವಕೀಲರು ಒಂದೇ ಬೀರುವಿನಲ್ಲಿ ಇಟ್ಟುಕೊಂಡು ವಾದಿಸುವುದು ಹೇಗೆ? ಒಬ್ಬರಿಗೆ ಕಚೇರಿಯ ವಕೀಲರು, ಇನ್ನೊಬ್ಬರಿಗೆ ಹೊರಗಿನ ಪ್ಯಾನೆಲ್ ವಕೀಲರು ಎಂದರೆ, ಮೊದಲು ಅರ್ಜಿ ಕೊಟ್ಟವರಿಗೆ ಒಂದು ದರ್ಜೆಯ ನ್ಯಾಯ, ಆಮೇಲೆ ಬಂದವರಿಗೆ ಮತ್ತೊಂದು ಎಂದಾಗುತ್ತದೆ. ನನ್ನ ವಿರೋಧದ ಮುಖ್ಯ ಕಾರಣ ಇದೇ.

ಪೂರ್ಣಾವಧಿ ವಕೀಲರ ನೇಮಕ ಗುತ್ತಿಗೆಯ ಮೇಲೆ, ಮುಂದುವರಿಕೆ ಅವರ ಕೆಲಸದ ಮೌಲ್ಯಮಾಪನದ ಮೇಲೆ ನಡೆಯುತ್ತದೆ. ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರಾಗಿರುವವರು ಜಿಲ್ಲಾ ನ್ಯಾಯಾಧೀಶರು. ನ್ಯಾಯಾಧೀಶರು ದುರುಪಯೋಗ ಮಾಡುತ್ತಾರೆಂದು ಹೇಳುತ್ತಿಲ್ಲ. ಆದರೆ ನ್ಯಾಯಪೀಠದ ಆದೇಶಕ್ಕೆ ಗಟ್ಟಿಯಾಗಿ ಆಕ್ಷೇಪಣೆ ಎತ್ತಬೇಕಾದ ವಕೀಲರ ಮನಸ್ಸಿನಲ್ಲಿ ಮುಂದಿನ ವರ್ಷದ ಗುತ್ತಿಗೆಯ ಯೋಚನೆ ಸುಳಿಯುವಂತಿರಬಾರದು.

ರಾಜಿಯ ಒತ್ತಡವೂ ಇದೆ. ಲೋಕ ಅದಾಲತ್‌ನಲ್ಲಿ ಆದ ರಾಜಿ ಕಾಯ್ದೆಯ 21ನೇ ಕಲಮಿನಂತೆ ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ, ಅದೇ ಅಂತಿಮ, ಅದರ ಮೇಲೆ ಅಪೀಲು ಇಲ್ಲ. ಅದಾಲತ್ ನಡೆಸುವುದೂ ಇದೇ ಪ್ರಾಧಿಕಾರ. ಎಷ್ಟು ಪ್ರಕರಣ ಮುಗಿಸಿದಿರಿ ಎಂದು ಲೆಕ್ಕ ಕೇಳಿಸಿಕೊಳ್ಳುವ ಸಂಬಳದ ವಕೀಲರು, ಇನ್ನೆರಡು ವಾಯಿದೆ ಹೋರಾಡಿದರೆ ಹೆಚ್ಚು ಜೀವನಾಂಶ ಸಿಗಬಹುದಾದ ಹೆಣ್ಣುಮಗಳಿಗೆ ‘ಒಪ್ಪಿಕೊಳ್ಳಮ್ಮ, ಇವತ್ತೇ ಮುಗಿದುಹೋಗುತ್ತದೆ’ ಎನ್ನುವ ಅಪಾಯ ಸಣ್ಣದಲ್ಲ.

ಪರವಾಗಿ ಬರೆದವರು ಹೇಳಿದ ಪ್ರಮಾಣಪತ್ರದ ಸಂಕಷ್ಟ ಸತ್ಯ. ಅದಕ್ಕೆ ಮದ್ದು ಪ್ಯಾನೆಲ್ಲಿನ ಒಳಗೇ ಸಿಗುತ್ತದೆ. ನೆರವಿನ ಪ್ರಕರಣಗಳು ಹೇಗೆ ಸಾಗುತ್ತಿವೆಯೆಂದು ನೋಡಿಕೊಳ್ಳಲು ಉಸ್ತುವಾರಿ ಸಮಿತಿಗಳಿರಬೇಕೆಂದು ರಾಷ್ಟ್ರೀಯ ಪ್ರಾಧಿಕಾರದ 2010ರ ನಿಯಮಾವಳಿಯೇ ಹೇಳುತ್ತದೆ. ಆ ಸಮಿತಿಗಳು ವಕೀಲರ ವರದಿಯನ್ನಷ್ಟೇ ಓದದೆ, ಕಕ್ಷಿದಾರರಿಗೂ ಫೋನ್ ಮಾಡಿ ಕೇಳಬೇಕು. ಗೌರವಧನವನ್ನು ಏರಿಸಿ, ಹಂತ ಹಂತವಾಗಿ, ತಡವಿಲ್ಲದೆ ಪಾವತಿಸಬೇಕು. ಕಕ್ಷಿದಾರರೊಂದಿಗೆ ಕುಳಿತು ಕಾಗದಪತ್ರ ಸಿದ್ಧಪಡಿಸಿದ ಸಮಯಕ್ಕೆ, ನ್ಯಾಯಾಲಯದ ಹಾಜರಿಯಿಂದ ಬೇರೆಯಾಗಿ, ಪ್ರತ್ಯೇಕ ಮೊತ್ತ ನಿಗದಿಯಾಗಬೇಕು. ಬೆಂಗಳೂರಿನಂತಹ ಊರಿನ ಪ್ಯಾನೆಲ್ಲಿನಲ್ಲಿ ಕಾರ್ಮಿಕ ಕಾನೂನು ಬಲ್ಲವರು, ತಮಿಳು, ತೆಲುಗು, ಉರ್ದು ಮಾತಾಡುವವರು ಎಲ್ಲರಿಗೂ ಜಾಗವಿದೆ. ಬೆರಳೆಣಿಕೆಯ ಹುದ್ದೆಗಳ ಒಂದು ಕಚೇರಿಯಲ್ಲಿ ಅಷ್ಟು ಮಂದಿ ಹಿಡಿಸಲಾರರು. ಪಟ್ಟಿಯನ್ನು ಅರ್ಜಿದಾರರ ಮುಂದಿಟ್ಟು, ಅವರು ಆರಿಸಿದ ವಕೀಲರನ್ನೇ ಆದಷ್ಟೂ ಕೊಡುವ ಪದ್ಧತಿ ಗಟ್ಟಿಯಾಗಲಿ, ಎದುರಾಳಿಗೂ ಅದೇ ಪಟ್ಟಿಯಿಂದ ಆರಿಸುವ ಅವಕಾಶವಿರಲಿ.