ಹೇ, ಮ್ಯಾಕೆ ಕರೀನಾ?

1997ರ ಬೇಸಿಗೆ. ಹಾಸನದ ಕಡೆ ನಮ್ಮೂರಿನಲ್ಲಿ ದೊಡ್ಡಮ್ಮನ ಮಗನ ನಿಶ್ಚಿತಾರ್ಥ. ಅಣ್ಣ ಮಿಲಿಟರಿಗೆ ಸೇರಿ, ಟ್ರೈನಿಂಗ್ ಮುಗಿಸಿ, ಹೊಸ ಮೀಸೆ ಬಿಟ್ಟುಕೊಂಡು ಬಂದಿದ್ದ. ಬೆಂಗಳೂರಿನಲ್ಲಿ ಕಾಲೇಜು ಓದುತ್ತಿದ್ದ ನಾನು ಏನಾದರೂ ಹೊಸದು ತೋರಿಸಬೇಕಲ್ವಾ? ಬ್ಯಾಗಿನಿಂದ 'ಮ್ಯಾಕರೆನಾ' ಕ್ಯಾಸೆಟ್ ತೆಗೆದು ಟೇಪ್ ರೆಕಾರ್ಡರಿಗೆ ಹಾಕಿದೆ.

ಅಜ್ಜಿ ಎರಡು ಸಲ ಕೇಳಿಸಿಕೊಂಡರು. "ಯಾರ್ಲಾ ಅವ್ನು, ಆಗ್ಲಿಂದ ಮ್ಯಾಕೆ ಕರೀನಾ, ಮ್ಯಾಕೆ ಕರೀನಾ ಅಂತಾನೆ? ಕರ್ಕೊಳ್ಳೋದಾದ್ರೆ ಕರ್ಕೊಳ್ಲಿ, ನಮ್ಮನ್ಯಾಕೆ ಕೇಳ್ತಾನೆ?"

ಹಾಗೆ ಕೇಳುತ್ತಿದ್ದವರು ಒಬ್ಬರಲ್ಲ, ಇಬ್ಬರು. ಸ್ಪೇನಿನ ಸೆವಿಲ್ಯಾ ಪಕ್ಕದ ದೋಸ್ ಎರ್ಮಾನಾಸ್ ಊರಿನ 'ಲೋಸ್ ದೆಲ್ ರಿಯೊ' ಜೋಡಿ. ವೆನೆಜುವೆಲಾದ ಕರಾಕಸ್‌ನಲ್ಲಿ ಒಂದು ಪಾರ್ಟಿಗೆ ಹೋದಾಗ, ಅಲ್ಲಿ ಕುಣಿದ ಹುಡುಗಿಯನ್ನು ನೋಡಿ ಹುಟ್ಟಿದ ಹಾಡಂತೆ. 1993ರಲ್ಲಿ ಬಿಡುಗಡೆಯಾಯಿತು. ಆಮೇಲೆ ಮಿಯಾಮಿಯ ಬೇಸೈಡ್ ಬಾಯ್ಸ್ ಅದಕ್ಕೆ ಇಂಗ್ಲಿಷ್ ಸಾಲು ಸೇರಿಸಿ ರೀಮಿಕ್ಸ್ ಮಾಡಿದರು. 1996ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 14 ವಾರ ಮೊದಲನೇ ಜಾಗ ಬಿಟ್ಟು ಕದಲಲಿಲ್ಲ. ಹಾಡುಗಾರರಿಬ್ಬರಿಗೂ ಆಗ ಐವತ್ತರ ಹತ್ತಿರ ವಯಸ್ಸು. ನಮ್ಮಲ್ಲಾಗಿದ್ದರೆ ಮಕ್ಕಳಿಗೆ ಹೆಣ್ಣು ನೋಡುತ್ತಾ ಕೂತಿರುತ್ತಿದ್ದರು.

ಕುಣಿತ ಬಲು ಸುಲಭ. ಪರ್ಸ್ ಕಳೆದುಕೊಂಡವನು ಬಸ್ಸಿನಲ್ಲಿ ಮೈಯೆಲ್ಲ ತಡವಿಕೊಳ್ಳುತ್ತಾನಲ್ಲ, ಹಾಗೆ. ಮೊದಲು ಎರಡೂ ಕೈ ಮುಂದೆ ಚಾಚಿ, ಅಂಗೈ ಮೇಲೆ ಮಾಡಿ 'ಇಲ್ಲಪ್ಪಾ, ಹೋಯ್ತು' ಅನ್ನಬೇಕು. ಆಮೇಲೆ ಭುಜ, ತಲೆಯ ಹಿಂಭಾಗ, ಸೊಂಟ, ಕೊನೆಗೆ ಹಿಂದಿನ ಜೇಬು. ಸಿಗಲಿಲ್ಲವೆಂದು ಸೊಂಟ ಕುಲುಕಿಸಿ, ಪಕ್ಕಕ್ಕೆ ತಿರುಗಿ ಜಿಗಿಯಬೇಕು.

ನನಗೆ ಕೈಕೊಟ್ಟಿದ್ದು ಆ ಜಿಗಿತವೇ. ಶಾಮಿಯಾನದ ಕೆಳಗೆ ಹತ್ತು ಜನರನ್ನು ಸಾಲಾಗಿ ನಿಲ್ಲಿಸಿ, ಎಲ್ಲರೂ ಬಲಕ್ಕೆ ತಿರುಗಬೇಕು ಎಂದು ನಾನೇ ಹೇಳಿಕೊಟ್ಟಿದ್ದೆ. ಹತ್ತೂ ಜನ ಬಲಕ್ಕೆ ತಿರುಗಿದರು. ಮೇಷ್ಟ್ರು ಎಡಕ್ಕೆ ಜಿಗಿದರು. ಎದುರಿಗೆ ಭಾವನ ಮುಖ! ಹಣೆಗೆ ಹಣೆ ಡಿಕ್ಕಿ. ಭಾವ ಗಟ್ಟಿ ಆಳು, ಅಲ್ಲೇ ನಿಂತರು. ನಾನು ಮಾತ್ರ ಹೋಗಿ ಪಾನಕದ ಹಂಡೆಗೆ ಮೊಣಕೈವರೆಗೂ ಕೈ ಅದ್ದಿದೆ. ಅಡುಗೆ ಭಟ್ಟರು ಆ ಪಾನಕವನ್ನು ಏನು ಮಾಡಿದರೋ, ಕೇಳಲು ಧೈರ್ಯ ಬರಲಿಲ್ಲ. ಗಂಡಿನ ಕಡೆಯವರು ಯಾರೂ ಕುಡಿಯಲಿಲ್ಲ ಎಂಬುದಷ್ಟು ಗೊತ್ತು.

ಅದಕ್ಕೆ ಹಿಂದಿನ ವರ್ಷ ಶಿಕಾಗೋದಲ್ಲಿ ಡೆಮಾಕ್ರಟಿಕ್ ಪಕ್ಷದ ದೊಡ್ಡ ಸಮಾವೇಶ ನಡೆದಿತ್ತು. ಪ್ರತಿನಿಧಿಗಳೆಲ್ಲ ಮ್ಯಾಕರೆನಾ ಕುಣಿದಿದ್ದರು. ಅಮೆರಿಕದ ಆಗಿನ ಉಪಾಧ್ಯಕ್ಷ ಅಲ್ ಗೋರ್ ತಮ್ಮ ಮ್ಯಾಕರೆನಾ ತೋರಿಸುತ್ತೇನೆಂದು ಹೇಳಿ, ಲೈಟ್ ಕಂಬದ ಹಾಗೆ ಸುಮ್ನೆ ನಿಂತರು. ಆಮೇಲೆ, ಇನ್ನೊಂದು ಸಲ ತೋರಿಸಲಾ ಎಂದು ಕೇಳಿದರು. ಆ ಶೈಲಿ ನನಗೆ ಮೊದಲೇ ಗೊತ್ತಿದ್ದರೆ ಒಂದು ಹಂಡೆ ಪಾನಕ ಉಳಿಯುತ್ತಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಪರವಾಗಿಲ್ಲ. ಎಷ್ಟೋ ವರ್ಷಗಳ ಮೇಲೆ ಆ ಸ್ಪ್ಯಾನಿಶ್ ಸಾಲುಗಳ ಅರ್ಥ ಓದಿದೆ. ಹಾಡಿನ ಹುಡುಗಿ ಮ್ಯಾಕರೆನಾಗೆ ವಿತೋರಿನೋ ಅಂತ ಒಬ್ಬ ಹುಡುಗನಿದ್ದಾನೆ. ಅವನು ಸೈನ್ಯ ಸೇರಿ ಬಾವುಟದ ಮುಂದೆ ಪ್ರಮಾಣ ಮಾಡುತ್ತಿರುವ ಹೊತ್ತಿಗೆ, ಇವಳು ಇನ್ನಿಬ್ಬರು ಗೆಳೆಯರ ಜೊತೆ ಮಜಾ ಮಾಡುತ್ತಿರುತ್ತಾಳೆ. ಅಂದರೆ, ಮಿಲಿಟರಿ ಹುಡುಗನ ನಿಶ್ಚಿತಾರ್ಥದಲ್ಲಿ, ಹೆಣ್ಣಿನ ಕಡೆಯವರನ್ನೂ ಸೇರಿಸಿಕೊಂಡು, ಇಡೀ ಜಗತ್ತಿನಲ್ಲಿ ಹಾಕಬಾರದ ಒಂದೇ ಹಾಡನ್ನು ಹುಡುಕಿ ಹಾಕಿದ್ದೆ! ಅತ್ತಿಗೆಯನ್ನೂ ಕೈಹಿಡಿದು ಎಳೆದು ಕುಣಿಸಿದ್ದೆ.

ಹೋದ ವರ್ಷ ಅಣ್ಣನ ಮಗಳ ಮದುವೆ. ಅಣ್ಣನಿಗೆ ಈಗ ಪೆನ್ಷನ್, ಮೀಸೆ ಪೂರ್ತಿ ಬಿಳಿ. ಡಿಜೆ ಹುಡುಗನಿಗೆ ಅವನೇ ಹೇಳಿದ: "ಮ್ಯಾಕರೆನಾ ಹಾಕಪ್ಪಾ, ನಮ್ಮ ನಿಶ್ಚಿತಾರ್ಥದ ಹಾಡು." ಅತ್ತಿಗೆ ನನ್ನ ಕಡೆ ತಿರುಗಿ ಕೇಳಿದರು, "ಅಲ್ಲ, ಅದರ ಅರ್ಥ ಏನು ಅಂತ ಇವತ್ತಿಗೂ ನೀನು ಹೇಳಲೇ ಇಲ್ಲವಲ್ಲೋ?"

"ದೇಶಭಕ್ತಿ ಗೀತೆ ಅತ್ತಿಗೆ," ಅಂದೆ. ಭಾವ ಪಾನಕದ ಹಂಡೆಯ ಮುಂದೆ ಕಾವಲು ನಿಂತಿದ್ದರು.