ಆಶ್ರಯ ಕೇಂದ್ರದ ಕೆಲಸಕ್ಕೂ ಒಳ್ಳೆಯ ಸಂಬಳ ಬೇಕು

ಮನೆ ಇಲ್ಲದವರಿಗಾಗಿ ಇರುವ ನಮ್ಮ ಆಶ್ರಯ ಕೇಂದ್ರಕ್ಕೆ ಫೀಲ್ಡ್ ವರ್ಕ್‌ಗೆ ಬರುವ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಕ್ಕಳು ಮುಗಿಸಿ ಹೋಗುವಾಗ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. "ಮೇಡಂ, ಇದನ್ನೇ ಉದ್ಯೋಗ ಮಾಡ್ಕೊಂಡ್ರೆ ಜೀವನ ನಡೆಯುತ್ತಾ?" ಈ ಸಲ ಒಬ್ಬ ಹುಡುಗಿಯ ಅಮ್ಮನೇ ಫೋನ್ ಮಾಡಿದ್ದರು. "ಇಷ್ಟು ಓದಿಸಿದ್ದು ಇದಕ್ಕಾ ಅಂತ ಮನೆಯಲ್ಲಿ ಬೈತಿದಾರೆ, ನೀವಾದ್ರೂ ಒಂದು ಮಾತು ಹೇಳಿ" ಅಂದರು. ಫೋನಲ್ಲಿ ಅರ್ಧ ಹೇಳಿದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಅಮ್ಮನ ಜೊತೆಗೆ ಶಿವಮೊಗ್ಗದ ಉಳಿದವರೂ ಓದಲಿ ಅಂತ ನನ್ನ ಆಸೆ.

ಈ ಕೆಲಸವನ್ನು ಖಂಡಿತ ಮಾಡಬಹುದು. ಜೀವಮಾನ ಪೂರ್ತಿ ಮಾಡಬಹುದು. ಆದರೆ "ಎಂಥಾ ಪುಣ್ಯದ ಕೆಲಸ" ಅಂತ ಹೊಗಳಿ, ಪುಣ್ಯ ಬಂತಲ್ಲ ಇನ್ನು ಸಂಬಳ ಯಾಕೆ ಅನ್ನುವ ಹಾಗೆ ನಡೆದುಕೊಳ್ಳುವುದು ನಿಲ್ಲಬೇಕು. ಕಲಿತು ಮಾಡಬೇಕಾದ ಕೆಲಸ ಇದು. ನರ್ಸ್‌ಗೆ, ಮೇಷ್ಟ್ರಿಗೆ ಇರುವ ಸಂಬಳ, ರಜೆ, ಮರ್ಯಾದೆ ಇದನ್ನು ಮಾಡುವವರಿಗೂ ಸಿಗಬೇಕು.

ಮೊದಲು ಒಂದು ತಪ್ಪು ತಿಳುವಳಿಕೆ ಬಗ್ಗೆ ಹೇಳಿಬಿಡುತ್ತೇನೆ. "ನಮ್ಮ ಮಲೆನಾಡಲ್ಲಿ ಬೀದೀಲಿ ಮಲಗೋರು ಯಾರಿದಾರೆ? ಅವರೆಲ್ಲ ಹೊರಗಿನೋರು" ಅಂತ ತುಂಬಾ ಜನ ನನ್ನ ಹತ್ತಿರ ಹೇಳಿದ್ದಾರೆ. ಬಂದವರಿಗೆ ಜಗುಲಿಯಲ್ಲಿ ಚಾಪೆ ಹಾಸಿಕೊಟ್ಟು ಮಲಗಿಸುತ್ತಿದ್ದ ಸೀಮೆ ನಮ್ಮದು, ನಿಜ. ನಮ್ಮಜ್ಜಿ ಮನೆಯಲ್ಲೂ ಹಾಗೇ ಇತ್ತು. ಆದರೆ ಈಗ ಜಗುಲಿಗೆ ಗ್ರಿಲ್ ಬಂದಿದೆ. ನಮ್ಮಲ್ಲಿಗೆ ಬರುವವರಲ್ಲಿ ದೂರದವರು ಇದ್ದಾರೆ, ಅಡಿಕೆ ಕೊಯ್ಲಿನ ಸುಗ್ಗಿಗೆ ಬಂದು ವಾಪಸ್ ಹೋಗಲು ಆಗದೆ ಉಳಿದವರು ಇದ್ದಾರೆ. ಅಪ್ಪಟ ಮಲೆನಾಡಿನವರೂ ಇದ್ದಾರೆ.

ಒಬ್ಬ ಕೊನೆಗೌಡರ ವಿಷಯ ಹೇಳುತ್ತೇನೆ. ಹರೆಯದಿಂದಲೂ ಊರವರ ಅಡಿಕೆ ಮರ ಹತ್ತಿ ಕೊನೆ ಇಳಿಸಿದವರು. ಒಂದು ದಿನ ಮರದಿಂದ ಬಿದ್ದು ಸೊಂಟ ಮುರಿಯಿತು. ಆಪರೇಷನ್ ಆಯಿತು, ಡಿಸ್ಚಾರ್ಜೂ ಆಯಿತು. ಆಮೇಲೆ ಎಲ್ಲಿಗೆ ಹೋಗಬೇಕು? ಮದುವೆ ಆಗಿರಲಿಲ್ಲ. ಇದ್ದದ್ದು ಯಾರದೋ ಕೊಟ್ಟಿಗೆ ಪಕ್ಕದ ಒಂದು ಕೋಣೆ. ಮರ ಹತ್ತಲು ಆಗದ ಮೇಲೆ ಆ ಕೋಣೆಯೂ ಹೋಯಿತು. ಡಿಸ್ಚಾರ್ಜ್ ಚೀಟಿ ಜೇಬಿನಲ್ಲಿ ಇಟ್ಟುಕೊಂಡು ಬಸ್ ಸ್ಟ್ಯಾಂಡಿನಲ್ಲಿ ಮಲಗಿದ್ದರು. ಕಾಫಿ ತೋಟದ ಲೈನ್ ಮನೆಗಳ ಕಥೆಯೂ ಇಂಥದ್ದೇ. ನಲವತ್ತು ವರ್ಷ ದುಡಿದವರಿಗೆ ಕೈಕಾಲು ಸೋತ ಮೇಲೆ ಲೈನ್ ಖಾಲಿ ಮಾಡಬೇಕಾಗುತ್ತದೆ. ಸ್ವಂತ ಸೈಟಿಲ್ಲ, ಊರು ಅಂತ ಹೇಳಿಕೊಳ್ಳಲು ತೋಟದ ಹೆಸರು ಬಿಟ್ಟು ಬೇರೆ ಇಲ್ಲ.

2011ರ ಜನಗಣತಿ ಪ್ರಕಾರ ದೇಶದಲ್ಲಿ 17.7 ಲಕ್ಷ ಜನಕ್ಕೆ ಮನೆ ಇರಲಿಲ್ಲ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಇದ್ದದ್ದು ಪಟ್ಟಣಗಳಲ್ಲಿ. ರಾತ್ರಿ ಹೊತ್ತು ಟಾರ್ಚ್ ಹಿಡಿದು ಎಣಿಸುವ ಲೆಕ್ಕ ಅದು, ಸಿಕ್ಕಿದವರಿಗಿಂತ ತಪ್ಪಿಹೋದವರೇ ಹೆಚ್ಚು ಅಂತ ಈ ಕ್ಷೇತ್ರದಲ್ಲಿ ಇರುವ ಎಲ್ಲರೂ ಹೇಳುತ್ತಾರೆ. ಆಮೇಲೆ 2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲಿ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನರಿಗೆ ಜಾಗ ಇರುವಷ್ಟು ಆಶ್ರಯ ಕೇಂದ್ರ ಇರಬೇಕು, ವರ್ಷ ಪೂರ್ತಿ ಹಗಲೂ ರಾತ್ರಿ ತೆರೆದಿರಬೇಕು ಅಂತ ಮಾಡಿದರು. ಅದೇ ಜನಗಣತಿಯಲ್ಲಿ ಶಿವಮೊಗ್ಗ ನಗರದ ಜನಸಂಖ್ಯೆ 3.2 ಲಕ್ಷ. ಎಷ್ಟು ಕೇಂದ್ರ ಬೇಕು ಅನ್ನುವುದನ್ನು ನೀವೇ ಲೆಕ್ಕ ಹಾಕಿ.

ಈಗ ಕೆಲಸದ ವಿಷಯಕ್ಕೆ ಬರುತ್ತೇನೆ. "ಏನಿದೆ ಅಲ್ಲಿ, ಊಟ ಹಾಕಿ ಮಲಗಿಸೋದು ತಾನೆ?" ಅನ್ನುವವರಿಗಾಗಿ ಒಂದು ರಾತ್ರಿಯ ಮಾತು.

ಪುನರ್ವಸು ಮಳೆ. ಖಾಸಗಿ ಬಸ್ ಸ್ಟ್ಯಾಂಡ್ ಕಡೆಯಿಂದ ಆಟೋದವರು ಒಬ್ಬರನ್ನು ಕರೆತಂದರು. ಮೈಯೆಲ್ಲ ಒದ್ದೆ, ಕಾಲಿನಲ್ಲಿ ಹುಳ ಬಿದ್ದ ಗಾಯ. ನಮ್ಮ ರಾತ್ರಿ ಪಾಳಿಯ ಅಣ್ಣ ಓದಿದ್ದು ಎಸ್ಸೆಸ್ಸೆಲ್ಸಿ. ಅವರು ಮೊದಲು ಹೆಸರು ಕೇಳಲಿಲ್ಲ, ಆಧಾರ್ ಕೇಳಲಿಲ್ಲ. ಒಣ ಟವೆಲ್ ಕೊಟ್ಟರು. ಬಿಸಿನೀರು ಕಾಯಿಸಿದರು. ಮೈ ಒರೆಸಿ ಒಣ ಬಟ್ಟೆ ಹಾಕಿಸಿದರು. ತಟ್ಟೆ ತುಂಬಾ ಅನ್ನ ಹಾಕದೆ ಅರ್ಧ ಲೋಟ ಗಂಜಿ ಕೊಟ್ಟರು, ಸ್ವಲ್ಪ ಹೊತ್ತು ಬಿಟ್ಟು ಮತ್ತರ್ಧ. ದಿನಗಟ್ಟಲೆ ಹಸಿದ ಹೊಟ್ಟೆಗೆ ಒಂದೇ ಸಲ ತುಂಬಿದರೆ ಜೀವಕ್ಕೇ ಅಪಾಯ, ಅದು ಅವರಿಗೆ ಗೊತ್ತು. ಆಮೇಲೆ ಪಕ್ಕದಲ್ಲಿ ಕೂತು, ಬೈಯುವ ದನಿ ಇಲ್ಲದೆ ಕೇಳಿದರು. "ಅಣ್ಣಾ, ಕೊನೇ ಸಲ ಕುಡಿದಿದ್ದು ಯಾವಾಗ?"

"ಇವತ್ತು ಬೆಳಿಗ್ಗೆ."

ಅದನ್ನು ದಾಖಲೆ ಪುಸ್ತಕದಲ್ಲಿ ಬರೆದು ಸುತ್ತ ಗೆರೆ ಎಳೆದರು. ಯಾಕೆ ಗೊತ್ತಾ? ವರ್ಷಗಟ್ಟಲೆ ದಿನವೂ ಕುಡಿಯುತ್ತಿದ್ದವರಿಗೆ ಏಕಾಏಕಿ ಕುಡಿತ ನಿಂತರೆ ಕೈ ನಡುಗುತ್ತದೆ, ಫಿಟ್ಸ್ ಬರಬಹುದು. ಎರಡನೇ ಮೂರನೇ ದಿನಕ್ಕೆ ಬುದ್ಧಿಭ್ರಮಣೆ ಆಗಬಹುದು. ಚಿಕಿತ್ಸೆ ಸಿಗದಿದ್ದರೆ ಸಾಯುವವರೂ ಇದ್ದಾರೆ. ಬೆಳಿಗ್ಗೆ ಕಾಲು ತೋರಿಸಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಡ್ರೆಸಿಂಗ್ ಮಾಡಿಸಿಕೊಂಡು ಬಂದರು. ಅದರ ಮಾರನೇ ರಾತ್ರಿ ಎರಡು ಗಂಟೆ ಹೊತ್ತಿಗೆ ಆ ಮನುಷ್ಯ ಎದ್ದು ಕೂತು ಕಂಬಳಿಯಿಂದ ಏನನ್ನೋ ಹೆಕ್ಕಿ ಹೆಕ್ಕಿ ಎಸೆಯುತ್ತಿದ್ದರು. "ಇರುವೆ, ಎಲ್ಲಾ ಕಡೆ ಇರುವೆ" ಅಂತಿದ್ದರು. ಒಂದು ಇರುವೆಯೂ ಇರಲಿಲ್ಲ. ಪಕ್ಕದ ಹಾಸಿಗೆಯವರು ದೆವ್ವ ಅಂದರು. ನಮ್ಮ ಅಣ್ಣ ಪುಸ್ತಕ ತೆಗೆದು ಗೆರೆ ಎಳೆದ ಸಾಲು ನೋಡಿ 108ಕ್ಕೆ ಫೋನ್ ಮಾಡಿದರು. ಮೆಗ್ಗಾನ್ ಆಸ್ಪತ್ರೆ ಎಮರ್ಜೆನ್ಸಿಯಲ್ಲಿ ಡಾಕ್ಟರಿಗೆ ಕೊನೆಯ ಕುಡಿತದ ಹೊತ್ತನ್ನೂ ಹೇಳಿದರು. ಆ ಮನುಷ್ಯ ಬದುಕಿದರು.

ಅವತ್ತು ಒಂದು ಜೀವ ಉಳಿಸಿದ ಅಣ್ಣನಿಗೆ ಹಿಂದಿನ ತಿಂಗಳ ಸಂಬಳ ಇನ್ನೂ ಬಂದಿರಲಿಲ್ಲ.

ಇಂಥ ತಿಳುವಳಿಕೆ ಈ ಕೆಲಸದ ತುಂಬಾ ಇದೆ. ಒಬ್ಬರಿಗೆ ಕಜ್ಜಿ ಇದ್ದರೆ ಅವರೊಬ್ಬರಿಗೆ ಮುಲಾಮು ಹಚ್ಚಿ ಪ್ರಯೋಜನವಿಲ್ಲ. ಹಾಲ್‌ನಲ್ಲಿ ಮಲಗುವ ಎಲ್ಲರಿಗೂ ಒಂದೇ ರಾತ್ರಿ ಕುತ್ತಿಗೆಯಿಂದ ಪಾದದವರೆಗೆ ಹಚ್ಚಬೇಕು, ಹೊದಿಕೆ ಬಟ್ಟೆ ಬಿಸಿನೀರಲ್ಲಿ ಒಗೆಯಬೇಕು, ವಾರ ಬಿಟ್ಟು ಮತ್ತೆ ಹಚ್ಚಬೇಕು. ಜುಲೈ ತಿಂಗಳಲ್ಲಿ ಅಷ್ಟು ಕಂಬಳಿ ಒಣಗಿಸುವುದು ಎಲ್ಲಿ ಅನ್ನುವುದನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎರಡು ವಾರ ಕೆಮ್ಮು ನಿಲ್ಲದಿದ್ದರೆ ಟಿಬಿ ಇದೆಯಾ ಅಂತ ಕಫ ಪರೀಕ್ಷೆ. ಮಾನಸಿಕ ಕಾಯಿಲೆಯಿಂದ ಬೀದಿ ಅಲೆಯುವವರನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಬೇಕು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಂ ಹೇಳುತ್ತದೆ. ಅದರ ಪ್ರತಿಯನ್ನು ನಮ್ಮ ಆಫೀಸ್ ಗೋಡೆಗೆ ಅಂಟಿಸಿದ್ದೇವೆ. ಎಷ್ಟೋ ಸಲ ಅದನ್ನು ಫೋನಲ್ಲಿ ಓದಿ ಹೇಳಬೇಕಾಗುತ್ತದೆ.

ನನಗೆ ಅತಿ ಇಷ್ಟದ ಕೆಲಸ ಊರು ಹುಡುಕುವುದು. ಮರೆವು ಬಂದವರಿಗೆ, ಬಹಳ ವರ್ಷ ಅಲೆದವರಿಗೆ "ನಿಮ್ಮೂರು ಯಾವುದು" ಅಂದರೆ ಉತ್ತರ ಬರುವುದಿಲ್ಲ. ಹಾಗೆ ಕೇಳಲೇಬಾರದು. ನಿಮ್ಮೂರಲ್ಲಿ ಸಂತೆ ಯಾವ ದಿನ? ಜಾತ್ರೆ ಯಾವ ದೇವರದ್ದು? ಕೊನೇ ಬಸ್ಸು ಎಲ್ಲಿಗೆ ಹೋಗ್ತಿತ್ತು? ಊಟಕ್ಕೆ ರೊಟ್ಟಿನಾ, ಮುದ್ದೆನಾ, ಗಂಜಿನಾ? ಹೀಗೆ ಕೇಳುತ್ತಾ ಹೋದರೆ ಜಿಲ್ಲೆ ಸಿಗುತ್ತದೆ, ಆಮೇಲೆ ತಾಲ್ಲೂಕು, ಆಮೇಲೆ ಅಲ್ಲಿನ ಸ್ಟೇಷನ್‌ಗೆ ಫೋನ್. ಆಧಾರ್ ಕೂಡ ಸಹಾಯ ಮಾಡುತ್ತದೆ. ಹೊಸದಾಗಿ ಮಾಡಿಸಲು ಬೆರಳು, ಕಣ್ಣು ಕೊಟ್ಟಾಗ ಮೊದಲೇ ಒಮ್ಮೆ ಮಾಡಿಸಿದ್ದರೆ ಅರ್ಜಿ ತಿರಸ್ಕಾರ ಆಗುತ್ತದೆ. ನಮಗೆ ಆ ತಿರಸ್ಕಾರವೇ ಖುಷಿ, ಹಳೇ ವಿಳಾಸ ಎಲ್ಲೋ ಇದೆ ಅಂತ ಅರ್ಥ.

ಹಾವೇರಿ ಕಡೆಯ ಒಬ್ಬ ಅಜ್ಜನ ಊರು ಸಿಕ್ಕಿದ್ದು ಜಾತ್ರೆಯ ಮಾತಿನಿಂದ. ಮಗನಿಗೆ ಫೋನ್ ಮಾಡಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಅಲ್ಲೇ ಇರಲಿ ಬಿಡ್ರಿ ಮೇಡಂ, ನಮ್ಮ ಮನ್ಯಾಗ ಜಾಗ ಇಲ್ರಿ" ಅಂದರು. ಈ ಉತ್ತರವನ್ನು ಅಜ್ಜನಿಗೆ ಹೇಗೆ ಹೇಳುವುದು ಅಂತ ಯಾವ ಕೋರ್ಸಿನಲ್ಲೂ ಕಲಿಸುವುದಿಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಮಕ್ಕಳ ಮೇಲೆ ಉಪವಿಭಾಗಾಧಿಕಾರಿಗಳ ಮುಂದೆ ಜೀವನಾಂಶಕ್ಕೆ ಅರ್ಜಿ ಹಾಕಬಹುದು. ಅಜ್ಜನಿಗೆ ಅದನ್ನೂ ವಿವರಿಸಿದೆ. "ಮಗನ ಮ್ಯಾಲೆ ಕೇಸ್ ಹಾಕ್ಲೇನವ್ವಾ?" ಅಂದರು. ಅವರು ಬೇಡ ಅಂದ ಮೇಲೆ ನಾವು ಒತ್ತಾಯ ಮಾಡುವ ಹಾಗಿಲ್ಲ. ಮನಸ್ಸಿಗೆ ಒಪ್ಪದಿದ್ದರೂ ಬಂದವರ ತೀರ್ಮಾನಕ್ಕೆ ತಲೆಬಾಗುವುದು ಈ ಉದ್ಯೋಗದಲ್ಲಿ ಬಹಳ ಕಷ್ಟದ ಪಾಠ.

ಈಗ ದುಡ್ಡಿನ ಮಾತು. ಆಗಲೇ ಹೇಳಿದ ಯೋಜನೆಯ ಮಾರ್ಗಸೂಚಿಯಲ್ಲಿ 50 ಜನರ ಕೇಂದ್ರ ನಡೆಸಲು ವರ್ಷಕ್ಕೆ 6 ಲಕ್ಷ ರೂಪಾಯಿ ಅಂತ ಇಟ್ಟಿದ್ದರು. ತಿಂಗಳಿಗೆ 50 ಸಾವಿರ. ಒಬ್ಬ ಮ್ಯಾನೇಜರ್, ಮೂರು ಪಾಳಿಗೆ ಮೂರು ಜನ ಕೇರ್‌ಟೇಕರ್, ಕರೆಂಟ್ ಬಿಲ್, ಸೋಪು, ಫಿನೈಲ್, ಕಂಬಳಿ ತೊಳೆಯುವುದು, ಎಲ್ಲಾ ಇದರಲ್ಲೇ. ಹಂಚಿ ನೋಡಿ, ಒಬ್ಬರಿಗೆ ಹತ್ತು ಸಾವಿರವೂ ಸರಿಯಾಗಿ ಬರುವುದಿಲ್ಲ. ಅದೂ ಟೆಂಡರ್ ಮೇಲೆ. ಬಿಲ್ ಪಾಸಾಗುವುದು ತಡವಾದರೆ ಸಂಬಳವೂ ತಡ. ನಾನು ಮೊದಲು ಕೆಲಸ ಮಾಡಿದ ಒಂದು ಕಡೆ ನೇಮಕಾತಿ ಪತ್ರವನ್ನೇ ಕೊಟ್ಟಿರಲಿಲ್ಲ. ಕೇಳಿದರೆ "ಸೇವಾ ಮನೋಭಾವ ಇಲ್ವಾ ನಿಮಗೆ?" ಅಂದಿದ್ದರು. ಆ ಮಾತು ಇವತ್ತಿಗೂ ನನಗೆ ಸಿಟ್ಟು ತರಿಸುತ್ತದೆ. ಮನೆ ಬಾಡಿಗೆ ಕಟ್ಟಲಾಗದ ಸಂಬಳ ಕೊಟ್ಟು, ಮನೆ ಇಲ್ಲದವರನ್ನು ನೋಡಿಕೊಳ್ಳಿ ಅನ್ನುವುದು ಯಾವ ನ್ಯಾಯ?

ಇದರಿಂದ ತೊಂದರೆ ಆಗುವುದು ನಮಗೆ ಮಾತ್ರ ಅಲ್ಲ. ಕುಡಿತ ನಿಂತಾಗ ಕಾಣುವ ಲಕ್ಷಣ ಗುರುತಿಸುವ ಕೇರ್‌ಟೇಕರ್ ತಯಾರಾಗಲು ವರ್ಷಗಳು ಬೇಕು. ಅವರು ಎರಡು ಸಾವಿರ ಜಾಸ್ತಿ ಸಿಗುತ್ತದೆ ಅಂತ ಅಂಗಡಿ ಸೆಕ್ಯುರಿಟಿ ಕೆಲಸಕ್ಕೆ ಹೋದರೆ, ಆ ಜಾಗಕ್ಕೆ ಬರುವ ಹೊಸಬರು ಆ ರಾತ್ರಿ ದೆವ್ವ ಅಂದವರ ಮಾತನ್ನೇ ನಂಬುತ್ತಾರೆ.

ಊರಿನ ಜನ ಒಳ್ಳೆಯವರು. ಹುಟ್ಟುಹಬ್ಬಕ್ಕೆ, ತಿಥಿಗೆ, ಮದುವೆ ವಾರ್ಷಿಕೋತ್ಸವಕ್ಕೆ ಊಟ ತರುತ್ತಾರೆ. ಅದಕ್ಕೆ ನಾನು ಋಣಿ. ಆದರೆ ಒಂದೇ ದಿನ ಮೂರು ಮನೆಯವರ ಪಾಯಸ ಬಂದರೆ ಏನು ಮಾಡೋಣ? ನಮ್ಮಲ್ಲಿ ಶುಗರ್ ಇರುವವರು ಎಷ್ಟೋ ಜನ. ದಯವಿಟ್ಟು ಮೊದಲೇ ಫೋನ್ ಮಾಡಿ. ದೊಡ್ಡವರ ಡೈಪರ್, ಒಣ ಟವೆಲ್, ರಬ್ಬರ್ ಚಪ್ಪಲಿ, ಕನ್ನಡಕದ ಖರ್ಚು, ಇವು ನಿಜಕ್ಕೂ ಬೇಕು. ಒಬ್ಬ ಕೇರ್‌ಟೇಕರ್‌ನ ಒಂದು ತಿಂಗಳ ಸಂಬಳ ಕೊಡುತ್ತೇವೆ ಅಂತ ನಾಲ್ಕು ಗೆಳೆಯರು ಸೇರಿ ಬಂದರೆ ಅದಕ್ಕಿಂತ ದೊಡ್ಡ ದಾನ ಇಲ್ಲ. ಊಟ ಕೊಡುವಾಗ ತಟ್ಟೆ ಹಿಡಿದವರ ಮುಖದ ಫೋಟೋ ಮಾತ್ರ ತೆಗೆಯಬೇಡಿ. ಆ ಫೋಟೋ ಅವರ ಮಗಳ ಮೊಬೈಲಿಗೂ ತಲುಪಬಹುದು.

ಇನ್ನೊಂದು ವಿಷಯ. ಮನೆ ಕಂದಾಯದ ರಸೀದಿ ತೆಗೆದು ನೋಡಿ. ಗ್ರಂಥಾಲಯ ಕರದ ಜೊತೆ ಭಿಕ್ಷುಕರ ಕರ ಅಂತಲೂ ಇರುತ್ತದೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಪ್ರಕಾರ ಆಸ್ತಿ ತೆರಿಗೆಯ ಮೇಲೆ 3% ಅದು. ನಿರಾಶ್ರಿತರ ಪರಿಹಾರ ಕೇಂದ್ರಗಳು ನಡೆಯುವುದು ಆ ದುಡ್ಡಿನಲ್ಲಿ. ಅಲ್ಲಿಗೆ ಭಿಕ್ಷೆ ಬೇಡುವವರನ್ನು ಹಿಡಿದು ತರುತ್ತಾರೆ. ನಮ್ಮಂಥ ಆಶ್ರಯ ಕೇಂದ್ರಕ್ಕೆ ಜನ ತಾವಾಗಿ ಬರುತ್ತಾರೆ, ಬೇಕೆಂದಾಗ ಹೋಗುತ್ತಾರೆ. ಎರಡೂ ಬೇರೆ ಬೇರೆ. ಆದರೆ ಎರಡಕ್ಕೂ ಹಣ ನಿಮ್ಮದೇ. ಹಾಗಾಗಿ ವಾರ್ಡಿಗೆ ಓಟು ಕೇಳಲು ಬಂದವರ ಹತ್ತಿರ ಚರಂಡಿ, ಬೀದಿದೀಪದ ಜೊತೆ ಇದನ್ನೂ ಕೇಳಿ: ಆಶ್ರಯ ಕೇಂದ್ರ ಎಷ್ಟಿದೆ, ಅಲ್ಲಿಯ ಸಿಬ್ಬಂದಿಗೆ ಎಷ್ಟು ಕೊಡ್ತೀರಿ?

ಆ ಹುಡುಗಿಯ ಅಮ್ಮನಿಗೆ, ಅಮ್ಮಾ, ನಿಮ್ಮ ಮಗಳಿಗೆ ಈ ಕೆಲಸದ ಕೈ ಇದೆ. ನಾನು ನೋಡಿದ್ದೇನೆ. ಉಗುರು ಕತ್ತರಿಸುವಾಗ ಅಜ್ಜಿಯ ಜೊತೆ ಮಾತಾಡುತ್ತಾ ಮಾತಾಡುತ್ತಾ ಅವರ ತವರಿನ ಹೆಸರು ಹೊರಡಿಸಿದವಳು ಅವಳೇ. ತಡೆಯಬೇಡಿ. ಆದರೆ ಸುಮ್ನೆ ಕಳಿಸಲೂಬೇಡಿ. ಎಲ್ಲೇ ಸೇರಲಿ, ನೇಮಕಾತಿ ಪತ್ರ ಕೈಗೆ ಬಂದ ಮೇಲೆ ಸೇರಲಿ. ಪಿಎಫ್, ಇಎಸ್‌ಐ ಇದೆಯಾ ಅಂತ ಕೇಳಲಿ. ರಾತ್ರಿ ಪಾಳಿಗೆ ಇಬ್ಬರು ಇರುತ್ತಾರಾ, ಹೆಪಟೈಟಿಸ್ ಬಿ ಲಸಿಕೆ ಹಾಕಿಸುತ್ತಾರಾ, ವಾರದ ರಜೆ ಇದೆಯಾ, ಎಲ್ಲಾ ಕೇಳಲಿ. ಸಂಬಳ ಎಷ್ಟು ಅಂತ ಮೊದಲ ದಿನವೇ, ನಾಚಿಕೆ ಇಲ್ಲದೆ ಕೇಳಲಿ.

ಉಳಿದ ಎಂಎಸ್‌ಡಬ್ಲ್ಯೂ ಮಕ್ಕಳೂ ಬಂದು ನೋಡಬಹುದು. ಬರುವವರು ಮೇ ತಿಂಗಳೊಳಗೆ ಬನ್ನಿ. ಮಳೆ ಹಿಡಿದ ಮೇಲೆ ಕೂತು ಕಲಿಸಿಕೊಡಲು ನಮಗೆ ಪುರುಸೊತ್ತು ಇರುವುದಿಲ್ಲ.