ಎಕ್ಸ್‌ನ ಬೆಲೆ ಮೊದಲೇ ತೀರ್ಮಾನವಾಗಿದೆ, ಸಮೀಕರಣ ಆಮೇಲೆ ಬರೆದುಕೊಳ್ಳಿ

ಬೀಜಗಣಿತ ಕಷ್ಟ ಅಂತ ಯಾರು ಹೇಳಿದ್ದು? ಬೀಜಗಣಿತ ಸಲೀಸು. ಕಷ್ಟವೇನಿದ್ದರೂ ಬೀಜಗಣಿತದ ಕ್ಲಾಸಿನೊಳಗೆ ಕಾಲಿಡುವುದರಲ್ಲಿ. ಬೆಂಗಳೂರಿನ ಸಿಬಿಎಸ್‌ಇ ಶಾಲೆಯೊಂದು ಒಂಬತ್ತನೇ ಕ್ಲಾಸಿನ ಪೋಷಕರಿಗೆಲ್ಲ ಆ್ಯಪ್‌ನಲ್ಲಿ ಕಳಿಸಿರುವ ‘ಬೀಜಗಣಿತ ತರಗತಿ: ನೀತಿ ಮತ್ತು ನಿರೀಕ್ಷೆಗಳು’ ಎಂಬ 14 ಪುಟಗಳ ದಸ್ತಾವೇಜನ್ನು ಪೂರ್ತಿ ಓದಿದ ಕೆಲವೇ ಪುಣ್ಯವಂತರಲ್ಲಿ ನಾನೂ ಒಬ್ಬ. ಸೈಟಿನ ಕ್ರಯಪತ್ರವನ್ನೂ ಇಷ್ಟು ಬಿಗಿಯಾಗಿ ಬರೆದಿರುವುದಿಲ್ಲ.

ಬೀಜಗಣಿತಕ್ಕೊಂದು ನೋಟ್‌ಬುಕ್ಕು, ರೇಖಾಗಣಿತಕ್ಕೆ ಇನ್ನೊಂದು. ಎರಡಕ್ಕೂ ಬ್ರೌನ್ ಪೇಪರ್ ಬೈಂಡು, ಅದರ ಮೇಲೆ ಪ್ಲಾಸ್ಟಿಕ್ ಕವರು, ಕವರಿನ ಬಲಮೂಲೆಯಲ್ಲಿ ಲೇಬಲ್ಲು. ಲೇಬಲ್ಲು ಶಾಲೆಯ ಅಂಗಡಿಯದೇ ಆಗಿರತಕ್ಕದ್ದು. ಪ್ರಶ್ನೆಗೆ ಕಪ್ಪು ಪೆನ್ನು, ಉತ್ತರಕ್ಕೆ ನೀಲಿ, ತಪ್ಪು ತಿದ್ದಲು ಹಸಿರು. ಕೆಂಪನ್ನು ಮುಟ್ಟುವ ಅಧಿಕಾರ ಟೀಚರಿಗೆ ಮಾತ್ರ. ಎಡಗಡೆ ಮಾರ್ಜಿನ್ನು, ಬಲಗಡೆ ಪೆನ್ಸಿಲಿನಲ್ಲಿ ರಫ್ ವರ್ಕಿನ ಗೆರೆ. ‘ಸಮ’ ಚಿಹ್ನೆಗಳು ಒಂದರ ಕೆಳಗೊಂದು ನೇರವಾಗಿ ಬರಬೇಕು. ಈ ಕೊನೆಯ ನಿಯಮಕ್ಕೆ ನನ್ನ ಪೂರ್ಣ ಬೆಂಬಲವಿದೆ. ಇಡೀ 14 ಪುಟದಲ್ಲಿ ಗಣಿತಕ್ಕೆ ಸಂಬಂಧಪಟ್ಟ ವಾಕ್ಯ ಅಂತ ಇರುವುದು ಇದೊಂದೇ.

ಮೂರನೇ ಪುಟದಲ್ಲಿ ‘ನಮ್ಮ ತರಗತಿಯಲ್ಲಿ ನಾವು ತಪ್ಪುಗಳನ್ನು ಸಂಭ್ರಮಿಸುತ್ತೇವೆ’ ಎಂದಿದೆ. ಓದಿ ಕಣ್ಣು ಒದ್ದೆಯಾಯಿತು. ಏಳನೇ ಪುಟಕ್ಕೆ ಬರುವಷ್ಟರಲ್ಲಿ ಸಂಭ್ರಮದ ದರಪಟ್ಟಿ ಸಿಕ್ಕಿತು. ಒಂದು ಹಂತ ಬಿಟ್ಟರೆ ಅರ್ಧ ಅಂಕ ಕಟ್. ಬರೆದದ್ದರ ಮೇಲೇ ತಿದ್ದಿದರೆ ಒಂದು ಅಂಕ ಕಟ್. ವೈಟ್‌ನರ್ ಬಳಸಿದರೆ ಪೋಷಕರಿಗೆ ಬುಲಾವ್.

ಅನುಮಾನ ಪರಿಹಾರದ ಕಲಮನ್ನು ಮಾತ್ರ ಯಾರೋ ನುರಿತ ವಕೀಲರೇ ಬರೆದಿರಬೇಕು. ಅನುಮಾನಗಳಿಗೆ ಗುರುವಾರ ಮಧ್ಯಾಹ್ನ 3.10ರಿಂದ 3.25ರವರೆಗೆ ಅವಕಾಶ. ಹಿಂದಿನ ದಿನವೇ ಆ್ಯಪ್‌ನಲ್ಲಿ ಹೆಸರು ನೋಂದಾಯಿಸಬೇಕು. ಒಬ್ಬರಿಗೆ ಒಂದೇ ಅನುಮಾನ. ಅನುಮಾನ ನಿರ್ದಿಷ್ಟವಾಗಿರಬೇಕು, ‘ಏನೂ ಅರ್ಥವಾಗಲಿಲ್ಲ’ ಎಂಬುದನ್ನು ಅನುಮಾನ ಎಂದು ಪರಿಗಣಿಸಲಾಗುವುದಿಲ್ಲ. ಅಂದರೆ ಅರ್ಧಂಬರ್ಧ ತಿಳಿದವನಿಗೆ ದಾರಿಯುಂಟು, ಏನೂ ತಿಳಿಯದವನು ಮೊದಲು ಎಲ್ಲಾದರೂ ಹೋಗಿ ಅರ್ಧ ತಿಳಿದುಕೊಂಡು ಬರಬೇಕು. ಎಲ್ಲಿಗೆ ಹೋಗಬೇಕು ಅನ್ನುವುದಕ್ಕೆ 13ನೇ ಪುಟದಲ್ಲಿ ಉತ್ತರವಿದೆ. ‘ನಮ್ಮ ಮಕ್ಕಳಿಗೆ ಟ್ಯೂಷನ್ನಿನ ಅಗತ್ಯವಿಲ್ಲ’ ಎಂಬ ಸಾಲಿನ ಕೆಳಗೇ, ಶಾಲೆ ಬಿಟ್ಟ ಮೇಲೆ ಅದೇ ಕೊಠಡಿಯಲ್ಲಿ ಅದೇ ಟೀಚರು ನಡೆಸುವ ಬ್ರಿಡ್ಜ್ ಕೋರ್ಸಿನ ಶುಲ್ಕದ ವಿವರ.

ಪೋಷಕರಿಗೂ ಒಂದು ಪುಟ ಮೀಸಲು. ಮನೆಯಲ್ಲಿ ‘ಹಳೆಯ ವಿಧಾನ’ದಲ್ಲಿ ಹೇಳಿಕೊಡಕೂಡದು. ಆ ಕಡೆಯ ಪದ ಈ ಕಡೆಗೆ ಬಂದರೆ ಚಿಹ್ನೆ ಬದಲಾಗುತ್ತದೆ ಅಂತ ನಮಗೆ ಮೇಷ್ಟ್ರು ಕಲಿಸಿದ್ದರಲ್ಲ, ಆ ಪಕ್ಷಾಂತರ ಈಗ ನಿಷಿದ್ಧ. ಶಾಸಕರು ಸದಾ ಮಾಡಿ ತೋರಿಸುತ್ತಿರುವ ರಾಜ್ಯದಲ್ಲಿ ಮಕ್ಕಳಿಗೆ ಅಷ್ಟು ಸುಲಭವಾಗಿ ಅರ್ಥವಾಗುವ ಪಾಠವನ್ನೇ ಕಿತ್ತು ಹಾಕಿದ್ದಾರೆ. ಈಗ ಎರಡೂ ಬದಿಗೆ ಒಂದೇ ಸಂಖ್ಯೆ ಕೂಡಿಸಿ, ತಕ್ಕಡಿಯ ಚಿತ್ರ ಬರೆದು, ಬಣ್ಣ ತುಂಬಬೇಕು.

ಬಣ್ಣ ಅಂದಾಗ ನೆನಪಾಯಿತು. ಸಿಬಿಎಸ್‌ಇಯ 20 ಆಂತರಿಕ ಅಂಕಗಳಲ್ಲಿ ಐದು ಪೋರ್ಟ್‌ಫೋಲಿಯೊಗೆ, ಮತ್ತೈದು ಚಟುವಟಿಕೆಗೆ. ಚಟುವಟಿಕೆ ಅಂದರೆ ಥರ್ಮೋಕೋಲು. (ಎ+ಬಿ)² ಎಂಬ ನಿತ್ಯಸಮೀಕರಣಕ್ಕೆ ಒಂದು ದೊಡ್ಡ ಚೌಕ, ಒಂದು ಚಿಕ್ಕ ಚೌಕ, ಎರಡು ಆಯತ ಕತ್ತರಿಸಿ, ಅವುಗಳಿಗೆ ಬಣ್ಣದ ಕಾಗದ ಅಂಟಿಸಿ, ನಾಲ್ಕನ್ನೂ ಜೋಡಿಸಿ ದೊಡ್ಡ ಚೌಕ ಮಾಡಬೇಕು. ತುಂಬ ಚೆಂದದ ಪಾಠ, ಮಗು ತಾನೇ ಕತ್ತರಿಸಿದರೆ ಜನ್ಮದಲ್ಲಿ ಮರೆಯುವುದಿಲ್ಲ. ಆದರೆ ರಾತ್ರಿ ಹನ್ನೊಂದಕ್ಕೆ ಬ್ಲೇಡು ಹಿಡಿದು ಕೂತಿರುವುದು ತಾಯಿ. ಕತ್ತರಿಸಿದ ಆಯತಗಳಲ್ಲಿ ಒಂದು ಉದ್ದವಾಗಿ ಇನ್ನೊಂದು ಗಿಡ್ಡವಾಗಿ, ಎರಡು ಎಬಿ ಅನ್ನುವುದು ಒಂದೂಮುಕ್ಕಾಲು ಎಬಿ ಆಗಿ, ಫೆವಿಕಾಲ್ ಮೆತ್ತಿ ಸಂದು ಮುಚ್ಚುತ್ತಾಳೆ. ಮಗು ಮಲಗಿದೆ. ಮಾರನೇ ದಿನ ಐದಕ್ಕೆ ಐದು. ಅಷ್ಟೂ ಪುರುಸೊತ್ತಿಲ್ಲದ ತಾಯಂದಿರಿಗೆ ಶಾಲೆಯ ಎದುರಿನ ಸ್ಟೇಷನರಿ ಅಂಗಡಿಯಲ್ಲಿ ಸಿದ್ಧ ನಿತ್ಯಸಮೀಕರಣ ಸಿಗುತ್ತದೆ, ಮಿನುಗುವ ಗ್ಲಿಟರ್ ಹಾಕಿದ್ದಕ್ಕೆ ಸ್ವಲ್ಪ ಜಾಸ್ತಿ.

ಖಾಸಗಿಯವರನ್ನಷ್ಟೇ ಆಡಿಕೊಂಡರೆ ಅನ್ಯಾಯವಾದೀತು. ಅವರದು ಬರೀ ನೋಟ್‌ಬುಕ್ಕಿನ ಮಟ್ಟದ ಬೀಜಗಣಿತ. ಉನ್ನತ ಬೀಜಗಣಿತ ನೋಡಬೇಕಿದ್ದರೆ ಎಸ್‌ಎಸ್‌ಎಲ್‌ಸಿ ಫಲಿತಾಂಶದ ಕಡೆ ತಿರುಗಬೇಕು. ನಾವೆಲ್ಲ ಕಲಿತದ್ದು ಸಮೀಕರಣ ಕೊಟ್ಟರೆ ಎಕ್ಸ್‌ನ ಬೆಲೆ ಹುಡುಕುವುದು. ನಮ್ಮ ಶಿಕ್ಷಣ ಇಲಾಖೆ ಅದನ್ನು ತಿರುಗಾಮುರುಗಾ ಮಾಡಿದೆ. ಎಕ್ಸ್ ಇಷ್ಟಿರಬೇಕು ಅಂತ ಮೊದಲೇ ತೀರ್ಮಾನ, ಅದಕ್ಕೆ ಒಪ್ಪುವ ಸಮೀಕರಣವನ್ನು ಆಮೇಲೆ ಬರೆದುಕೊಳ್ಳುವುದು.

2023ರಲ್ಲಿ ಎಕ್ಸ್, ಅಂದರೆ ಪಾಸಾದವರ ಶೇಕಡಾವಾರು, 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಪಕ್ಕದವನ ಉತ್ತರ ಪತ್ರಿಕೆ ಕಾಣದಂತಾದದ್ದೇ ತಡ, ಎಕ್ಸ್ ಕುಸಿಯಿತು. ಈಗ ಏನು ಮಾಡಬೇಕು? ಮಕ್ಕಳಿಗೆ ಬೀಜಗಣಿತ ಯಾಕೆ ಬರುತ್ತಿಲ್ಲ ಅಂತ ನೋಡುವುದು ಉದ್ದದ ದಾರಿ. ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿ, ಕೃಪಾಂಕ ಪಡೆಯುವ ಅರ್ಹತೆಯನ್ನು ಶೇ 35ರಿಂದ 25ಕ್ಕೆ ಇಳಿಸಿದ್ದಾಯಿತು. ಇಷ್ಟೆಲ್ಲ ಕೂಡಿ ಕಳೆದ ಮೇಲೂ ಬಂದದ್ದು 73.40. ಮುಖ್ಯಮಂತ್ರಿಗಳೇ ಆಕ್ಷೇಪ ಎತ್ತಿದರು. ಮಾರನೇ ವರ್ಷ ಆ ಹೆಚ್ಚುವರಿ ಕೃಪಾಂಕ ರದ್ದು, ಎಕ್ಸ್ 62.34ಕ್ಕೆ ಬಂದು ಕೂತಿತು. ಅದು ಕೂಡ ಪರೀಕ್ಷೆ-1ರ ಲೆಕ್ಕ. ಆಮೇಲೆ ಪರೀಕ್ಷೆ-2 ಇದೆ, ಪರೀಕ್ಷೆ-3 ಇದೆ. ನಮ್ಮ ಕಾಲದಲ್ಲಿ ವರ್ಗ ಸಮೀಕರಣಕ್ಕೇ ಎರಡು ಮೂಲಗಳಿದ್ದವು, ಈಗ ವಿದ್ಯಾರ್ಥಿಗೆ ಮೂರು.

2025ರ ಜಿಲ್ಲಾವಾರು ಪಟ್ಟಿಯಲ್ಲಿ ಕಟ್ಟಕಡೆಗೆ ನಿಂತದ್ದು ಕಲಬುರಗಿ, 42.43. ಅದೇ ಜಿಲ್ಲೆಯ ಮಳಖೇಡದಲ್ಲಿ, ಅದು ಮಾನ್ಯಖೇಟವಾಗಿದ್ದಾಗ, ಅಮೋಘವರ್ಷ ನೃಪತುಂಗ ಆಳುತ್ತಿದ್ದ. ಒಂಬತ್ತನೇ ಶತಮಾನದಲ್ಲಿ ಅವನನ್ನು ಹೊಗಳಿಯೇ ಮಹಾವೀರಾಚಾರ್ಯ ಗಣಿತ ಗ್ರಂಥ ಬರೆಯಲು ಕೂತದ್ದು. ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಅಂತ ಅಷ್ಟು ಹಿಂದೆಯೇ ಹೇಳಿದ ಮನುಷ್ಯ. ಗಣಿತದ ಮಹಿಮೆ ಹೇಳುತ್ತ ಹೇಳುತ್ತ ಅವನಿಗೇ ಸಾಕೆನಿಸಿರಬೇಕು, ‘ಬಹುಭಿರ್ವಿಪ್ರಲಾಪೈಃ ಕಿಂ’ ಎಂದುಬಿಟ್ಟ. ಬಹಳ ಬಡಬಡಿಸಿ ಏನು ಪ್ರಯೋಜನ, ಚರಾಚರದ ಮೂರು ಲೋಕದಲ್ಲಿ ಗಣಿತ ಬಿಟ್ಟು ಏನೂ ಇಲ್ಲ ಅಂತ. ಆತ ಈಗಿದ್ದಿದ್ದರೆ ಗ್ರಂಥಕ್ಕೆ ಮುಂಚೆ 14 ಪುಟದ ನೀತಿ ಮತ್ತು ನಿರೀಕ್ಷೆಗಳನ್ನು ಬರೆಯಬೇಕಿತ್ತು. ಲೇಬಲ್ಲು ಬೇರೆ.

ಇನ್ನು 2025ರ ಅಕ್ಟೋಬರಿನಲ್ಲಿ ಬಂದ ಹೊಸ ಸಮೀಕರಣ. ಪಾಸಾಗಲು 35 ಬೇಕಿಲ್ಲ, 33 ಸಾಕು. ಒಟ್ಟು 625ಕ್ಕೆ 206. ಮನೆಯಲ್ಲಿ ಕ್ಯಾಲ್ಕುಲೇಟರ್ ಇದ್ದವರು ಒತ್ತಿ ನೋಡಿ, 625ರ ಶೇ 33 ಅಂದರೆ 206.25. ಆ ಕಾಲು ಅಂಕವನ್ನೂ ಸರ್ಕಾರ ಮನ್ನಾ ಮಾಡಿದೆ. ಒಂದು ಹಂತ ಬಿಟ್ಟಿದ್ದಕ್ಕೆ ಅರ್ಧ ಅಂಕ ಕತ್ತರಿಸುವ ಟೀಚರಿಗೆ ಈ ಫೈಲು ಸಿಗಬಾರದಿತ್ತೇ ಅನಿಸುತ್ತದೆ.

ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿರುವ ನಮ್ಮ ಭಾವನನ್ನು ಕೇಳಿದೆ, ನಿಮ್ಮಲ್ಲಿ ಇಂಥ ನೀತಿ-ನಿರೀಕ್ಷೆ ಏನಾದರೂ ಉಂಟೇ ಅಂತ. ಭಾವ ನಕ್ಕರು. ಆಗ ಅವರು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ಡ್ಯೂಟಿಯಲ್ಲಿದ್ದರು. ಕರೆಂಟ್ ಮೀಟರಿನ ಆರ್‌ಆರ್ ನಂಬರು ಹಿಡಿದು ಮನೆ ಪತ್ತೆ ಮಾಡುವುದು, 60 ಪ್ರಶ್ನೆ ಕೇಳುವುದು, ಒಟಿಪಿ ಬರುವ ತನಕ ಜಗುಲಿಯ ಮೇಲೆ ಕಾಯುವುದು. ಸಮೀಕ್ಷೆ ಮುಗಿಯಲಿಲ್ಲ ಅಂತ ಸರ್ಕಾರಿ, ಅನುದಾನಿತ ಶಾಲೆಗಳ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರಲ್ಲ, ಆ ದಿನಗಳು.

“ವರ್ಗ ಸಮೀಕರಣ ಮುಗೀತಾ ಭಾವ?”

“ಮೊದ್ಲು ಮನೆ ಸಿಗ್ಲಿ ಇರಯ್ಯಾ. ಮೊಬೈಲು ಲೊಕೇಶನ್ನು ಕೆರೆ ಮಧ್ಯಕ್ಕೆ ತೋರಿಸ್ತಿದೆ.”

ರಜೆ ಮುಗಿದ ಮೇಲೆ ಮತ್ತೆ ಸಿಕ್ಕರು. ಪಾಠ ಎಲ್ಲಿಗೆ ಬಂತು ಅಂದೆ. ಶಾಲೆ ತೆರೆದ ದಿನ ಬೋರ್ಡಿನ ಮೇಲೆ ಪಾಸಿನ ಹೊಸ ನಿಯಮವನ್ನೇ ಲೆಕ್ಕವಾಗಿ ಕೊಟ್ಟರಂತೆ. ಪ್ರತಿ ವಿಷಯದಲ್ಲಿ ಆಂತರಿಕವೂ ಸೇರಿ ಕನಿಷ್ಠ ಶೇ 30 ಬೇಕು. ಗಣಿತದ 100ರಲ್ಲಿ ಆಂತರಿಕ ಅಂಕ 20. ಅಷ್ಟೂ ಸಿಕ್ಕಿತು ಅಂತಿಟ್ಟುಕೊಳ್ಳಿ. ಎಕ್ಸ್ + 20 = 30. ಎಕ್ಸ್ ಎಷ್ಟು?

ಜೂನ್‌ನಿಂದ ಬಾಯಿಬಿಡದ ಕೊನೇ ಬೆಂಚಿನ ಹುಡುಗ ಎದ್ದು ನಿಂತ. “ಹತ್ತು ಸಾರ್. ಎಂಬತ್ತಕ್ಕೆ ಹತ್ತು.”

“ಶಭಾಷ್, ಕೂತ್ಕೊ.”

ಹುಡುಗ ಕೂರಲಿಲ್ಲ. “ಸಾರ್, ಇಂಟರ್ನಲ್ಲು ಇಪ್ಪತ್ತೈದು ಮಾಡಿದ್ರೆ ಐದು ಸಾಕು ಅಲ್ವಾ?”

“ಹೌದು.”

“ಮೂವತ್ತು ಮಾಡಿದ್ರೆ ಸಾರ್?”

ಕ್ಲಾಸಿಗೆ ಕ್ಲಾಸೇ ಸೊನ್ನೆ ಸಾರ್ ಅಂತ ಕೂಗಿತಂತೆ. ಸ್ಥಿರಾಂಕ ಬದಲಾದರೆ ಉತ್ತರ ಹೇಗೆ ಬದಲಾಗುತ್ತದೆ ಅನ್ನುವುದನ್ನು ಇಪ್ಪತ್ತು ಪೀರಿಯಡ್ಡಿನಲ್ಲಿ ಹೇಳಿ ಸುಸ್ತಾಗಿದ್ದ ಭಾವ ಸೀಮೆಸುಣ್ಣ ಕೆಳಗಿಟ್ಟರು.

“ಅವನಿಗೆ ಇಂಟರ್ನಲ್‌ನಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ಕೊಟ್ಟೆ ಕಣಯ್ಯಾ,” ಅಂದರು. “ಹೇಗೂ ಎಲ್ಲರಿಗೂ ಕೊಡ್ತೀವಿ. ಇವನೊಬ್ಬನಿಗೆ ಮನಸ್ಸಾರೆ ಕೊಟ್ಟೆ.”